ಕೈ ಎತ್ತದವರ ಪಂಚಾಯ್ತಿ

ಸುಳ್ಳನ್ನು ನೀಟಾಗಿ ಟೈಪ್ ಮಾಡಿಕೊಡುವುದೇ ನನ್ನ ಉದ್ಯೋಗವಾಗಿತ್ತು. ತೊಂಬತ್ತರ ದಶಕದ ನಡುವೆ, ವಡೋದರಾದ ಒಂದು ಕಾರ್ಖಾನೆಯ ಆಫೀಸಿನಲ್ಲಿ ನಾನು ಸ್ಟೆನೋ. ಗಂಡನ ರೈಲ್ವೆ ನೌಕರಿ ನಮ್ಮನ್ನು ಗದಗದಿಂದ ಎತ್ತಿ ಅಲ್ಲಿಗೆ ಎಸೆದಿತ್ತು. ಆಫೀಸಿನ ಮೀಟಿಂಗುಗಳಲ್ಲಿ ಸಾಹೇಬರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿಯುವುದೊಂದು ಬಾಕಿ. ನಾನು ಟೈಪ್ ಮಾಡುವ ನಡಾವಳಿಯಲ್ಲಿ ಮಾತ್ರ ಎಲ್ಲವೂ ‘ಸರ್ವಾನುಮತದಿಂದ ನಿರ್ಣಯಿಸಲಾಯಿತು’. ಶಾರ್ಟ್‌ಹ್ಯಾಂಡಿನಲ್ಲಿ ಈ ಇಡೀ ಮಾತಿಗೆ ನನ್ನದೊಂದೇ ಗೀಟು. ನಿರ್ಣಯ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಪೆನ್ಸಿಲ್ಲು ತಾನಾಗಿ ಆ ಗೀಟು ಎಳೆದುಬಿಡುತ್ತಿತ್ತು.

ನಮ್ಮ ಕಾರ್ಖಾನೆಗೆ ಯಂತ್ರ ಕೂರಿಸಲು ನಾರ್ವೆಯಿಂದ ಒಬ್ಬ ಮುದುಕ ಇಂಜಿನಿಯರ್ ಬಂದಿದ್ದರು. ಅಲ್ಕಾಪುರಿ ಬಡಾವಣೆಯ ಗೆಸ್ಟ್ ಹೌಸಿನಲ್ಲಿ ವಾಸ. ಸಂಜೆ ಹೊತ್ತು ತಮ್ಮ ಊರಿನ ಚರಿತ್ರೆ ಹೇಳುತ್ತಾರಂತೆ, ನಾನು ಬರೆದುಕೊಂಡು ಟೈಪ್ ಮಾಡಿಕೊಡಬೇಕಂತೆ. ಇಂಗ್ಲಿಷಿನಲ್ಲಿ ಯಾಕೆಂದರೆ, ಆ ಊರಿನ ಅರ್ಧ ಜನ ಎಂದೋ ಅಮೆರಿಕಕ್ಕೆ ಹೋಗಿದ್ದು, ಮೊಮ್ಮಕ್ಕಳಿಗೆ ಊರ ಭಾಷೆಯೇ ಬಾರದು. ವಡೋದರಾದ ಕನ್ನಡ ಮಕ್ಕಳು ಅಜ್ಜಿಯ ಕಾಗದವನ್ನು ನನ್ನ ಹತ್ತಿರ ಓದಿಸಿಕೊಳ್ಳಲು ಬರುತ್ತಿದ್ದುದು ನೆನಪಾಗಿ ಒಪ್ಪಿಕೊಂಡೆ.

ಎಂಥಾ ಚರಿತ್ರೆ ಅದು! ರಾಜನಿಲ್ಲ, ಯುದ್ಧವಿಲ್ಲ. ಎರಡು ಬೆಟ್ಟಗಳ ನಡುವೆ ಸಮುದ್ರ ಕಿರಿದಾಗಿ ಒಳಗೆ ನುಗ್ಗಿದೆ. ಅದಕ್ಕೆ ಫ್ಯೋರ್ಡ್ ಎನ್ನುತ್ತಾರೆ. ಅದರ ದಂಡೆಗೆ ಅಂಟಿಕೊಂಡ ನಲವತ್ತೈವತ್ತು ಹೊಲಮನೆಗಳ ಗುಂಪನ್ನು ಅವರು ಗತ್ತಿನಿಂದ ಮುನಿಸಿಪಾಲಿಟಿ ಎನ್ನುತ್ತಿದ್ದರು. ನನ್ನ ಕಣ್ಣಿಗೆ ಅದು ಪಂಚಾಯ್ತಿ, ಅದೂ ಬಡ ಪಂಚಾಯ್ತಿ. ಊರಿಗೆಲ್ಲ ಒಂದು ಹೋರಿ ಕೊಂಡದ್ದಕ್ಕೆ ಮೂರು ಪುಟ. ಮೀನು ಸಿಕ್ಕ ವರ್ಷ, ಸಿಗದ ವರ್ಷ. ದೋಣಿಕಟ್ಟೆ ಈ ದಂಡೆಗೋ ಆ ದಂಡೆಗೋ ಎಂಬ ಜಗಳ ಎರಡು ತಲೆಮಾರು. ಇಷ್ಟನ್ನು ಅವರು ಕಣ್ಣು ಮುಚ್ಚಿ, ಮಂತ್ರ ಹೇಳುವವರ ಹಾಗೆ ಹೇಳುವಾಗ ನನಗೆ ಆಕಳಿಕೆ ತಡೆಯುವುದೇ ದೊಡ್ಡ ಕೆಲಸ. ಬಿಸಿಲಿಗೆ ಕೆಂಪಗೆ ಬೆಂದ ಮುಖ, ಎದುರಿಗೆ ಮಜ್ಜಿಗೆ ಲೋಟ, ಬಾಯಲ್ಲಿ ಹಿಮದ ಮಾತು. ತಮ್ಮ ಅಪ್ಪ ಆ ಪಂಚಾಯ್ತಿಯ ಕೊನೆಯ ಅಧ್ಯಕ್ಷ ಎಂದು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು.

ಕೊನೆಯ ಅಧ್ಯಾಯಕ್ಕೆ ಬಂದೆವು. ಮೂವತ್ತು ವರ್ಷದ ಹಿಂದೆ ಆ ಪಂಚಾಯ್ತಿಯನ್ನು ಎದುರು ದಂಡೆಯ ಪಟ್ಟಣಕ್ಕೆ ಸೇರಿಸಿಬಿಟ್ಟರು. ಶಾಲೆ ಹೋಯಿತು, ಅಂಚೆ ಕಚೇರಿ ಹೋಯಿತು, ದೋಣಿಯೂ ನಿಂತಿತು. ‘ಸೇರುವುದೆಂದು ನಿರ್ಣಯವಾಯಿತು’ ಎಂದಷ್ಟೇ ಹೇಳಿ ಅವರು ಮುಂದೆ ಹೋದರು. ಯಾರು ನಿರ್ಣಯಿಸಿದರು, ಹೇಗೆ, ಒಂದೂ ಇಲ್ಲ. ನನ್ನ ಕೈ ಎಂದಿನ ಗೀಟು ಎಳೆಯಿತು. ಮರುದಿನ ಟೈಪಾಗಿ ಬಂದದ್ದು, ‘ಸರ್ವಾನುಮತದಿಂದ’.

ಅವರು ಪ್ರತಿ ಪುಟವನ್ನೂ ಎರಡೆರಡು ಸಲ ಓದಿ ಮೂಲೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕುವ ಮನುಷ್ಯ. ಆ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ತಾವಾಗಿಯೇ ಹೇಳಿದರು: ಸದಸ್ಯರು ಹದಿಮೂರು. ಸೇರೋಣ ಎಂದವರು ಆರು, ಬೇಡ ಎಂದವರು ಆರು. ಅಧ್ಯಕ್ಷರಾದ ಅಪ್ಪ ಕೊನೆಗೆ ಸೇರೋಣ ಎಂದು ಕೈ ಎತ್ತಿದರು. ಅಪ್ಪನಿಗೆ ಪಟ್ಟಣದ ಕಚೇರಿಯಲ್ಲಿ ಒಳ್ಳೆ ಕುರ್ಚಿ ಸಿಕ್ಕಿತು, ಊರು ಅವರೊಡನೆ ಮಾತು ಬಿಟ್ಟಿತು.

ನನ್ನದು ತಪ್ಪಾಯಿತು, ಈಗಲೇ ಅಳಿಸುತ್ತೇನೆ ಎಂದು ಬಿಳಿ ಬಣ್ಣದ ಬಾಟಲಿ ತೆಗೆದೆ. ಅವರು ನನ್ನ ಕೈ ತಡೆದರು.

“ಇರಲಿ ಬಿಡಿ ಮೇಡಂ. ಓದಲಿಕ್ಕೆ ಚೆನ್ನಾಗಿದೆ.”

ಮೂಲೆಯಲ್ಲಿ ಗುರುತು ಹಾಕಿದರು. ಅಂದು ನನಗೆ ಅವರ ಮೇಲೆ ಹುಟ್ಟಿದ್ದು ಶುದ್ಧ ಅಸಹ್ಯ. ನಮ್ಮ ಸಾಹೇಬರು ಸುಳ್ಳು ಬರೆಸುವುದು ಹೊಟ್ಟೆಪಾಡಿಗೆ. ಈ ಮನುಷ್ಯ ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ ಬರೆಸುತ್ತಿದ್ದರು. ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

“ನಿನಗ್ಯಾಕ ಬೇಕು ಊರ ಉಸಾಬರಿ? ಟೈಪ್ ಹೊಡದಿ, ಕೊಟ್ಟಿ, ಮುಗೀತು.”

ಮುಗಿಯಲಿಲ್ಲ. ಪುಟಗಳು ಅಚ್ಚಾಗಿ, ಪುಸ್ತಕದ ಪ್ರತಿಗಳು ಅಮೆರಿಕಕ್ಕೂ ಆ ಫ್ಯೋರ್ಡಿನ ದಂಡೆಗೂ ಹೋದವು. ನಾಲ್ಕು ತಿಂಗಳ ಮೇಲೆ ಮುದುಕರು ಒಂದು ಕಾಗದ ಹಿಡಿದು ಬಂದರು. ಅದೇ ಊರಿನ ಒಬ್ಬ ಅಜ್ಜಿ ಬರೆದದ್ದು. ಅವರೇ ಇಂಗ್ಲಿಷಿಗೆ ತಿರುಗಿಸಿ ಓದಿ ಹೇಳಿದರು: ‘ನನ್ನ ಗಂಡ ಸೇರುವುದು ಬೇಡ ಎಂದವರು. ಸಾಯುವ ತನಕ ಅದೊಂದೇ ಅವರ ಹೆಮ್ಮೆ. ಅವರು ಎತ್ತದ ಕೈಯನ್ನು ಸತ್ತ ಮೇಲೆ ನೀನು ಎತ್ತಿಸಿದ್ದೀಯ.’

ಅಪ್ಪನ ಮಾನ ಉಳಿಸುವುದಷ್ಟೇ ಆ ಸುಳ್ಳಿನ ಕೆಲಸ ಎಂದುಕೊಂಡಿದ್ದೆ. ಬೇಡ ಎಂದ ಆರು ಜನರ ಬಾಯಿ ಅದು ಮುಚ್ಚುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಆಫೀಸಿನ ನಡಾವಳಿಗಳಲ್ಲಿ ಹೀಗೆ ನಾನು ಎಷ್ಟು ಜನರ ಕೈ ಎತ್ತಿಸಿದ್ದೆನೋ. ಮುದುಕರು ಉತ್ತರ ಹೇಳತೊಡಗಿದರು, ನಾನು ನೇರ ಟೈಪ್ ಹೊಡೆಯತೊಡಗಿದೆ; ಪುಸ್ತಕದ ಹಾಗೆ ಇದೂ ಇಂಗ್ಲಿಷಿನಲ್ಲೇ, ಅಜ್ಜಿಗೆ ಮೊಮ್ಮಗಳು ಓದಿ ಹೇಳುತ್ತಾಳಂತೆ. ‘ಕ್ಷಮಿಸಬೇಕು, ಅದು ಟೈಪಿಸ್ಟಳ ತಪ್ಪು.’

ಮುಖ ನೋಡಿದೆ. ಅವರು ಮಜ್ಜಿಗೆ ಲೋಟ ನೋಡುತ್ತಿದ್ದರು.

“ಹಾಗೇ ಬರೆಯುತ್ತೇನೆ ಸರ್. ತಪ್ಪು ನನ್ನದೇ. ಆದರೆ ಸೇರೋಣ ಎಂದು ಕೈ ಎತ್ತಿದ ಏಳು ಜನರ ಹೆಸರು ಹೇಳಿ, ಕೆಳಗೆ ಹಾಕೋಣ. ತನ್ನ ಗಂಡ ಅದರಲ್ಲಿಲ್ಲ ಅಂತ ಅಜ್ಜಿಗೆ ಕಾಣಲಿ.”

ಹೇಳಿದರು. ಆ ಊರಿನಲ್ಲಿ ಯಾವ ಹೊಲಮನೆಯೋ ಅದರ ಹೆಸರೇ ಮನೆತನದ ಹೆಸರು. ಒಬ್ಬೊಬ್ಬರನ್ನೂ ಮನೆಯ ಹೆಸರು ಹಿಡಿದು, ಎಲ್ಲೂ ತಡವರಿಸದೆ ಹೇಳುತ್ತ ಹೋದರು. ಮೂವತ್ತು ವರ್ಷವಾದರೂ ಯಾವುದನ್ನೂ ಮರೆತಿರಲಿಲ್ಲ ಪುಣ್ಯಾತ್ಮ. ಒಂದರಿಂದ ಅಂಕೆ ಹಾಕುತ್ತ ನಾನು ಹೊಡೆದೆ; ಆರು ಹೆಸರಾದ ಮೇಲೆ ನಿಂತರು. ನಾನು ಕೀಲಿಗಳ ಮೇಲೆ ಬೆರಳಿಟ್ಟು ಕಾದೆ.

“ಅಷ್ಟು ಸಾಕು,” ಎಂದರು.

ಏಳು ಎಂದು ಅಂಕೆ ಹೊಡೆದು, ಮುಂದೆ ಖಾಲಿ ಬಿಟ್ಟು, ಕಾಗದ ತೆಗೆದು ಕೊಟ್ಟೆ. ಎರಡು ಸಲ ಓದುವ ಮನುಷ್ಯ ಅಂದು ಒಂದು ಸಲವೂ ಓದದೆ, ಆ ಅಂಕೆಯ ಕೆಳಗೇ ಸಹಿ ಹಾಕಿದರು. ಸಹಿಯಲ್ಲಿ ಇದ್ದದ್ದು ಅಪ್ಪನ ಮನೆಯ ಹೆಸರೇ. ಅಜ್ಜಿಗೆ ಏಳೂ ಲೆಕ್ಕ ಸಿಕ್ಕಿರುತ್ತದೆ.