‘ಚಲೋ ಐತಿ’ ಎಂಬ ಮಾತು

ಮೊನ್ನೆ ಪಕ್ಕದ ಮನೆಯ ಸೊಸೆ ಸುಮಂಗಲಾ ಬಂದು, ನೆಲದ ಮೇಲೆ ಕೂತಿದ್ದ ನನ್ನ ಮೊಣಕಾಲಿಗೆ ಒಂದು ಪಟ್ಟಿ ಕಟ್ಟಿದಳು. ಒಳಗೆ ಹತ್ತಿ ತುಂಬಿ ತಾನೇ ಹೊಲಿದದ್ದು. ವಯಸ್ಸಾದವರ ಕಾಲಿಗೆ ಥಂಡಿ ಹತ್ತಬಾರದೆಂದು ಇಂಥವನ್ನು ಹೊಲಿದು ಮಾರಬೇಕೆಂದಿದ್ದಾಳೆ. ಹೊಸ ಹತ್ತಿಯ ವಾಸನೆ ಮೂಗಿಗೆ ಬಂತು.

“ಹ್ಯಾಂಗೈತ್ರಿ ಆಯಿ?”

“ಭಾಳ ಚಲೋ ಐತವ್ವ,” ಅಂದೆ.

ಅವಳ ಮುಖ ಅರಳಿತು. ನನ್ನ ಮನಸ್ಸು ಮಾತ್ರ ಒಳಗೊಳಗೇ ಚುಚ್ಚಿತು. ನೀವು ನಮ್ಮ ರೋಣದ ಕಡೆಯವರಾದರೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ನಮ್ಮಲ್ಲಿ ‘ಚಲೋ ಐತಿ’ ಅನ್ನುವುದು ಅಭಿಪ್ರಾಯವಲ್ಲ, ಉಪಚಾರ. ಬಿಸಿಲಲ್ಲಿ ಬಂದವರ ಕೈಗೆ ಬೆಲ್ಲ, ನೀರು ಕೊಡುತ್ತೇವಲ್ಲ, ಅದೇ ಜಾತಿಯದು. ಹೊಸದಾಗಿ ಹೊಲಿಗೆ ಕಲಿತಾಗ ನಮ್ಮತ್ತೆಗೆ ನಾನೊಂದು ಕುಪ್ಪಸ ಹೊಲಿದಿದ್ದೆ. ಒಂದು ತೋಳು ಉದ್ದ, ಒಂದು ಗಿಡ್ಡ. “ಚಲೋ ಐತಿ” ಅಂದವರೇ ಪೆಟ್ಟಿಗೆಯ ತಳಕ್ಕೆ ಇಟ್ಟುಬಿಟ್ಟರು. ಅದು ಮತ್ತೆ ಬೆಳಕು ಕಾಣಲಿಲ್ಲ.

ಈ ಮಾತಿನ ಗುಟ್ಟನ್ನು ನನಗೆ ಕಲಿಸಿದವನು ನನ್ನ ಮೈದುನ ಶಂಕ್ರಪ್ಪ. ಐವತ್ತರ ದಶಕದ ಮಾತು. ರೋಣದ ಪೇಟೆಯಲ್ಲಿ ನಮ್ಮ ಯಜಮಾನರದು ರೈತರ ಹತ್ತಿ, ಜೋಳ, ಕಡಲೆ ಮಾರಿಸಿಕೊಡುವ ಅಡತಿ ಅಂಗಡಿ. ಅಲ್ಲಿ ಗಾದಿಯ ಮೇಲೆ ಲೆಕ್ಕ ಬರೆಯುತ್ತ ಕೂತರೆ ಶಂಕ್ರಪ್ಪನ ಮುಖ ಬಾಡಿದ ಬದನೆಕಾಯಿ ಆಗುತ್ತಿತ್ತು. ಅವನಿಗೆ ಏನಾದರೂ ಹೊಸದು ಮಾಡುವ ಹುಚ್ಚು. ಹೆಂಗಸರು ಹತ್ತಿ ಬಿಡಿಸಿ ಸೀರೆಯ ಉಡಿಯಲ್ಲಿ ಕಟ್ಟಿಕೊಳ್ಳುವುದು ಕಂಡು, ಹೆಗಲಿಗೆ ಹಾಕಿಕೊಳ್ಳುವ ದೊಡ್ಡ ಚೀಲವೊಂದನ್ನು ಯೋಚಿಸಿದ. ಯಜಮಾನರು ಒಂದೇ ಮಾತು ಹೇಳಿದರು: “ಈ ಸುಗ್ಗಿ ಮುಗಿಯೂದ್ರಾಗ ಯಾರರೆ ತಾವಾಗೇ ಬಂದು ಕೇಳಿದ್ರ ನಿನ್ನ ದಾರಿ ನಿನಗ. ಇಲ್ಲಂದ್ರ ಸುಮ್ಮನ ಗಾದಿ ಮ್ಯಾಲ ಕುಂದ್ರು.”

ಗಜೇಂದ್ರಗಡದ ನೇಕಾರರಿಂದ ದಪ್ಪ ಬಟ್ಟೆ ಬಂತು. ಹೊಲಿದವಳು ನಾನು. ಹರಿಯಬಾರದೆಂದು ಪಕ್ಕಕ್ಕೆಲ್ಲ ಎರಡೆರಡು ಹೊಲಿಗೆ ಹಾಕಿದೆ. ಶಂಕ್ರಪ್ಪ ಬೆಳವಣಕಿ, ಚಿಕ್ಕನರಗುಂದ ಎಂದು ಹೊಲಹೊಲ ತಿರುಗಿ ಹಂಚಿದ. ಸಂಜೆ ಬಂದವನ ಮುಖ ನೋಡಬೇಕಿತ್ತು.

“ವೈನಿ, ಎಲ್ಲಾರೂ ಚಲೋ ಐತಿ ಅಂದ್ರು ನೋಡ್ರಿ.”

ಮರುದಿನವೂ ಅದೇ, ಅದರ ಮರುದಿನವೂ ಅದೇ. ಆದರೆ ಹೆಂಗಸರು ಮಾತ್ರ ಉಡಿಯಲ್ಲೇ ಹತ್ತಿ ಬಿಡಿಸುತ್ತಿದ್ದರು. ಇದೇನು ಸೋಜಿಗ? ಹೊಗಳುವವರು ಊರ ತುಂಬ, ಹೆಗಲಿಗೆ ಹಾಕಿಕೊಳ್ಳುವವರು ಯಾರೂ ಇಲ್ಲ. ಸುಗ್ಗಿ ಕರಗುತ್ತಿತ್ತು. ಗಾದಿ ನೆನೆದು ಅವನಿಗೆ ಊಟ ಸೇರದಾಯಿತು. ನನಗೂ ಕುತೂಹಲ ತಡೆಯಲಿಲ್ಲ. “ಅವರನ್ನ ಕೇಳೂದು ಸಾಕು. ಒಂದಿನ ಸುಮ್ಮನ ಕುಂತು ನೋಡೂಣು ನಡಿ,” ಅಂದೆ.

ಚಿಕ್ಕನರಗುಂದದಲ್ಲಿ ನಮ್ಮದೇ ಹೊಲವಿತ್ತು. ಹತ್ತಿ ತರಲು ಹೊರಟ ಬಂಡಿಯಲ್ಲೇ ಬೆಳಗ್ಗೆ ಹೋಗಿ ಬದುವಿನ ಮೇಲೆ ಕೂತೆವು. ಹತ್ತಿ ಬಿಡಿಸುವ ಫಕೀರವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ನಮ್ಮ ಚೀಲ ತೆಗೆದಳು. ಶಂಕ್ರಪ್ಪನ ಕಣ್ಣು ಮಿಂಚಿತು. ಅವಳು ಅದನ್ನು ಬಂಡಿಯ ಕೆಳಗಿನ ನೆರಳಿಗೆ ಜೋಳಿಗೆಯಂತೆ ಕಟ್ಟಿ, ಕೂಸನ್ನು ಮಲಗಿಸಿ, ಒಮ್ಮೆ ತೂಗಿ, ಉಡಿ ಕಟ್ಟಿಕೊಂಡು ಹತ್ತಿಯ ಸಾಲಿಗೆ ಹೋದಳು. ಹತ್ತಿರ ಹೋಗಿ ನೋಡಿದರೆ ಪಕ್ಕಕ್ಕೆ ನಾನು ಹಾಕಿದ್ದ ಹೊಲಿಗೆಯೆಲ್ಲ ಬಿಚ್ಚಿ ಚೀಲ ಅಗಲವಾಗಿತ್ತು.

“ನನ್ನ ಹೊಲಿಗಿ ಯಾಕ ಬಿಚ್ಚಿದಿ?” ಎಂದು ಸಿಟ್ಟಿನಿಂದಲೇ ಕೇಳಿದೆ.

“ತಪ್ಪ ತಿಳೀಬ್ಯಾಡ್ರಿ ಅವ್ವಾರ. ಚೀಲ ಚಲೋನ ಐತ್ರಿ. ಆದ್ರ ಹತ್ತಿಗೆ ಉಡಿ ಐತಿ, ಕೂಸಿಗೆ ಏನೈತ್ರಿ? ಈ ಎರಿ ಹೊಲದಾಗ ಜೋಳಿಗಿ ಕಟ್ಟಾಕ ಒಂದ ಗಿಡ ತೋರಸ್ರಿ ನೋಡೂಣು.”

ಕಣ್ಣು ಹಾಯಿಸಿದೆ. ಖರೇ, ಕಣ್ಣಳತೆಯವರೆಗೆ ಕಪ್ಪು ನೆಲ, ಬಿಳಿ ಹತ್ತಿ, ಮೇಲೆ ಬಿಸಿಲು. ಒಂದೂ ಮರವಿರಲಿಲ್ಲ. ಮಧ್ಯಾಹ್ನ ಹತ್ತಿ ಹೇರಿಕೊಂಡು ಬಂಡಿ ಹೊರಟಿತು. ಫಕೀರವ್ವ ಕೂಸನ್ನು ಇಳಿಸಿ ಸಾಲಿನಲ್ಲಿ ಚೀಲ ಹಾಸಿ ಮಲಗಿಸಿದಳು. ಆಮೇಲೆ ಅವಳು ಹತ್ತಿ ಬಿಡಿಸಿದ್ದಕ್ಕಿಂತ ಹೊರಳಿ ನೋಡಿದ್ದೇ ಹೆಚ್ಚು. ಇರುವೆ ಹತ್ತಿತೇನೋ ಎಂದು ಓಡಿ ಬರುವಳು, ಮತ್ತೆ ಹೋಗುವಳು. ಆ ಹೊತ್ತಿಗೆ ನನ್ನ ಮಗನೂ ತೊಟ್ಟಿಲ ಕೂಸು. ಮನೆಯಲ್ಲಿ ತಣ್ಣಗೆ ಮಲಗಿದ್ದ.

ಮರುದಿನ ಶಂಕ್ರಪ್ಪ ಮೂರು ಬಿದಿರಿನ ಗಳ ತಂದು ತಲೆಯ ಕಡೆ ಕೂಡಿಸಿ ಕಟ್ಟಿದ. ನಡುವೆ ಚೀಲ ತೂಗುಹಾಕಿ, ನೆರಳಿಗೆ ನನ್ನದೊಂದು ಹಳೆಯ ಸೀರೆ ಹೊದಿಸಿದ. ಪಕ್ಕದ ಹೊಲಿಗೆಯನ್ನು ಈ ಸಲ ನಾನೇ ಬಿಚ್ಚಿದ್ದೆ. ಮುಂದಿನದನ್ನು ಅವನೇ ಬಂದು ಹೇಳಿದ. ಹೊಲದಲ್ಲಿ ಅದನ್ನು ನಿಲ್ಲಿಸಿ, ಏನೂ ಕೇಳದೆ ಬದುವಿನ ಮೇಲೆ ಕೂತ. ಫಕೀರವ್ವ ಕೂಸನ್ನು ಅದರಲ್ಲಿ ಹಾಕಿ ಸಾಲು ಹಿಡಿದಳು. ಸಂಜೆ ಅವನು ಗಳ ಕೀಳಲು ಹೋದಾಗ ಬಂದು ಅಡ್ಡ ನಿಂತಳು.

“ಯಾಕ ಕೀಳ್ತೀರಿ ಸಣ್ಣ ಸಾವ್ಕಾರ? ನಾಳಿ ನನ್ನ ಕೂಸು ಎಲ್ಲಿ ಮಲಗಬೇಕ್ರಿ?”

ಆಚೆ ಹೊಲದ ಹೆಂಗಸೂ ಬದು ದಾಟಿ ಬಂದಳು: “ನಮಗೂ ಒಂದು ಬೇಕ್ರಿ. ಯಾವಾಗ ತರ್ತೀರಿ?”

ಅವತ್ತು ಮನೆಗೆ ಬಂದವನು ಬಾಗಿಲಲ್ಲೇ ನಿಂತು, “ವೈನಿ, ಒಬ್ಬರೂ ಚಲೋ ಐತಿ ಅನ್ನಲಿಲ್ರಿ,” ಅಂದ. ಅಷ್ಟು ಸಂತೋಷದ ಮುಖವನ್ನು ನಾನು ಅವನಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಒಳಗೆ ಉಣ್ಣುತ್ತಿದ್ದ ಯಜಮಾನರು ತಲೆಯೆತ್ತಲಿಲ್ಲ. ಆದರೆ ಗಾದಿಯ ಮಾತನ್ನು ಅವರು ಮುಂದೆ ಎಂದೂ ಎತ್ತಲಿಲ್ಲ.

ಇತ್ತ ಸುಮಂಗಲಾ ಪಟ್ಟಿ ಬಿಚ್ಚಿ ಮಡಚಿ, ಖುಷಿಯಿಂದ ಹೊರಡುತ್ತಿದ್ದಳು. ಇಂಥವು ಇನ್ನೆಷ್ಟು ಹೊಲಿದಿಟ್ಟಿದ್ದಾಳೋ, ಎಷ್ಟು ಪೆಟ್ಟಿಗೆಗಳ ತಳ ಸೇರಲಿವೆಯೋ.

“ನಿಲ್ಲವ್ವ,” ಅಂದೆ. “ಚಲೋ ಐತಿ ಅಂದ್ನಲ್ಲಾ, ಅದನ್ನ ಬಿಟ್ಟಬಿಡು. ನನ್ನ ಕಾಲಿಗೆ ಥಂಡಿ ಹತ್ತಂಗಿಲ್ಲ.”

ಮುಖ ಚಿಕ್ಕದಾಯಿತು ಪಾಪ. “ಮತ್ತೇನ್ರಿ ನಿಮಗ ತ್ರಾಸು?”

ಹೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ಹೇಳಹೊರಟರೆ ಅದರಲ್ಲೂ ಎಲ್ಲೋ ಒಂದಿಷ್ಟು ಬೆಲ್ಲ ಬೆರೆಯುತ್ತದೆ.

“ಕೇಳಬ್ಯಾಡ. ಅಲ್ಲೇ ಕುಂದ್ರು. ನಾ ಏಳ್ತೀನಿ, ನೀ ನೋಡು,” ಅಂದೆ. ಹಿಡಿಯಲು ಬಂದ ಅವಳ ಕೈ ಸರಿಸಿ, ನೆಲದಿಂದ ಏಳಲು ನುಣ್ಣನೆಯ ಗೋಡೆಯ ಮೇಲೆ ಹಿಡಿತಕ್ಕಾಗಿ ಕೈಯಾಡಿಸತೊಡಗಿದೆ.