ದೇವರ ಹಿಡಿ

ಜೋಳದ ಹಿಟ್ಟಿಗೆ ಕುದಿಯುವ ಎಸರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ನಿಮಗೆ ಹಸಿವಾಗಬಹುದು. ನನಗೆ ಇವತ್ತಿಗೂ ಮೊದಲು ಬರುವುದು ಅಂಜಿಕೆ. ಹಸಿವು ಆಮೇಲೆ. ಕೊಳಕೂರಿನ ನಮ್ಮ ಮನೆ ಈಗಿಲ್ಲ. ಮಣ್ಣಿನ ಮಾಳಿಗೆ ಕುಸಿದು ಅದರ ಮೇಲೆ ಜಾಲಿ ಬೆಳೆದಿದೆ. ಆದರೂ ಆ ವಾಸನೆ ಬಂದ ಕೂಡಲೇ ಅಡಿಗೆಮನೆಯ ಕತ್ತಲು, ಗೂಡಿನೊಳಗಿನ ಚಿಮಣಿ ದೀಪ, ಒಲೆಯ ಎಡಕ್ಕಿದ್ದ ಸಣ್ಣ ಗಡಿಗೆ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂಡುತ್ತವೆ. ಅವ್ವ ರೊಟ್ಟಿಗೆ ಹಿಟ್ಟು ತೆಗೆದುಕೊಳ್ಳುವಾಗೆಲ್ಲ ಮೊದಲ ಹಿಡಿಯನ್ನು ಆ ಗಡಿಗೆಗೆ ಹಾಕಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಅದು ದೇವರ ಹಿಡಿ. ಓಣಿಯ ಐದಾರು ಕ್ರೈಸ್ತ ಮನೆಗಳಲ್ಲೂ ಅಂಥದೊಂದು ಗಡಿಗೆ ಇತ್ತು. ಭಾನುವಾರ ಹೆಂಗಸರು ಅದನ್ನು ಚೀಲಕ್ಕೆ ಸುರುವಿಕೊಂಡು ಹೋಗಿ ಚರ್ಚಿನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಇಡುತ್ತಿದ್ದರು. ನಾವು ನುಚ್ಚು ಕುಡಿದು ಮಲಗಿದ ದಿನಗಳಲ್ಲೂ ಅವ್ವ ಆ ಗಡಿಗೆಗೆ ಕೈ ಹಾಕಿದವಳಲ್ಲ.

ಮಾಬೂಬಿ ಖಾಲಾಗೆ ಟಿಬಿ ಆಗುವತನಕ.

ಅವ್ವನ ಅಕ್ಕತಂಗಿಯರನ್ನು ಕರೆಯುವ ಹಾಗೆ ನಾವು ಖಾಲಾ ಅನ್ನುತ್ತಿದ್ದ ಅವಳು ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಹಳೆ ಸೀರೆ ಕೊಟ್ಟರೆ ಕೌದಿ ಹೊಲಿದು ಕೊಡುತ್ತಿದ್ದಳು. ಓಣಿಯ ಕೂಸುಗಳೆಲ್ಲ ಅವಳ ಕೌದಿಯೊಳಗೇ ಬೆಚ್ಚಗೆ ಮಲಗಿದವು. ಕೆಮ್ಮಿದಾಗ ರಕ್ತ ಬಿತ್ತಂತೆ ಅನ್ನುವ ಸುದ್ದಿ ಹಬ್ಬಿದ ವಾರದಲ್ಲಿ ಅವೇ ಕೌದಿಗಳನ್ನು ತಿಪ್ಪೆಯ ಮೇಲೆ ಹಾಕಿ ಸುಟ್ಟರು. ಖಾಲಾ ಬಾಗಿಲಲ್ಲಿ ಕೂತು ಆ ಹೊಗೆಯನ್ನು ನೋಡುತ್ತಿದ್ದಳು. ಹಿಂದೂ, ಮುಸಲ್ಮಾನ, ಕ್ರೈಸ್ತ ಅನ್ನದೆ ಎಲ್ಲರೂ ಅಂಜಿದರು. ಅದೊಂದರಲ್ಲಿ ನಮ್ಮ ಓಣಿ ಒಗ್ಗಟ್ಟಾಗಿತ್ತು. ಅವ್ವ ಮಾತ್ರ ನಮ್ಮ ಕೌದಿ ಸುಡಲಿಲ್ಲ. ಬೇವಿನ ತಪ್ಪಲು ಕುದಿಸಿದ ನೀರು ಒಯ್ದು ಖಾಲಾಳ ಮೈ ತೊಳೆದು, ದವಾಖಾನೆಯ ಗುಳಿಗೆ ತಂದುಕೊಟ್ಟು ಬರುತ್ತಿದ್ದಳು. ಬೋರಿಂಗಿನ ಹತ್ತಿರ ನೀರಿಗೆ ಬಂದ ಹೆಂಗಸರು ಸುಮ್ಮನೆ ಬಿಡುತ್ತಿರಲಿಲ್ಲ.

“ಏನ ಬೇ ಸಾರವ್ವ, ಸ್ವರ್ಗಕ್ಕ ಟಿಕೇಟ್ ತಗಸೀಯೇನ?”

“ಟಿಕೇಟಿಗಿ ರೊಕ್ಕ ಎಲ್ಲದ ಬೇ? ನಡಕೋತ ಹೊಂಟೇನಿ,” ಅನ್ನುತ್ತಿದ್ದಳು ಅವ್ವ.

ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅಪ್ಪ ದೂರದ ಕಲ್ಲಿನ ಖಣಿಯಲ್ಲಿದ್ದ, ತಿಂಗಳಿಗೊಮ್ಮೆ ಬರುವವನು. ನನಗಿದ್ದವಳು ಅವ್ವ ಒಬ್ಬಳೇ. ಅವಳು ಮಲಗಿದಾಗ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಒಲೆಯ ಹೊಗೆಗೆ ಒಮ್ಮೆ ಕೆಮ್ಮಿದರೂ ಓಡಿಹೋಗಿ ಅವಳ ಸೆರಗಿನಲ್ಲಿ ರಕ್ತದ ಕಲೆ ಹುಡುಕುತ್ತಿದ್ದೆ.

ತೊಗರಿ ಕೊಯ್ಲು ಶುರುವಾದಾಗ ಒಂದು ಮುಂಜಾನೆ ಎದ್ದು ನೋಡುತ್ತೇನೆ, ಅವ್ವ ದೇವರ ಗಡಿಗೆಯೊಳಗಿಂದ ಹಿಟ್ಟು ತೆಗೆಯುತ್ತಿದ್ದಾಳೆ. ನಮ್ಮ ಡಬ್ಬಿಯಲ್ಲಿ ನಮಗಾಗುವಷ್ಟೇ ಉಳಿದಿತ್ತು.

“ಅವ್ವಾ, ಅದು ದೇವರದು!”

“ಹೂಂ ಪಮ್ಮಿ, ದೇವರದೇ.” ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಎರಡು ಹೊತ್ತಿನ ರೊಟ್ಟೀನೂ ಇದರಾಗೇ ಅದ. ಖಾಲಾಗ ಕೊಟ್ಟು ಸಾಲಿಗಿ ಹೋಗು.” ರೊಟ್ಟಿಯನ್ನು ಹಳೆ ಸೀರೆಯಿಂದ ಹರಿದ ಹಸಿರು ಅಂಚಿನ ತುಂಡಿನಲ್ಲಿ ಕಟ್ಟಿ ನನ್ನ ಕೈಗಿಟ್ಟು ಕೊಯ್ಲಿನ ಟ್ರ್ಯಾಕ್ಟರ್ ಹತ್ತಿದಳು.

ಸಂಡೇಸ್ಕೂಲಿನಲ್ಲಿ ಒಂದು ಕಥೆ ಕೇಳಿದ್ದೆ: ದೇವರ ಪಾಲಿನಲ್ಲಿ ಒಂದಿಷ್ಟು ಬಚ್ಚಿಟ್ಟುಕೊಂಡ ಗಂಡ ಹೆಂಡತಿ ನಿಂತಲ್ಲೇ ಬಿದ್ದು ಸತ್ತದ್ದು. ನಾನಾಗ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಟಿಬಿಯಿಂದ ಅವ್ವ ಉಳಿದರೂ ಇದರಿಂದ ಉಳಿಯುವುದಿಲ್ಲ ಅಂತ ನನಗೆ ಖಾತ್ರಿಯಾಯಿತು. ಉಪಾಯ ಒಂದೇ ಇತ್ತು. ದೇವರದನ್ನು ದೇವರಿಗೆ ತಿರುಗಿ ಕೊಡಬೇಕು. ಖಾಲಾಳ ಬಾಗಿಲು ದಾಟಿ ಓಡಿದೆ. ಚರ್ಚಿಗೆ ಕೀಲಿ ಇರುತ್ತಿರಲಿಲ್ಲ, ನಾಯಿ ಹೊಗದಂತೆ ಬರೀ ಚಿಲಕ. ಒಳಗೆ ಹೋಗಿ ಮೇಜಿನ ಬಿಳಿ ಬಟ್ಟೆಯ ಕೆಳಗೆ ಗಂಟು ಇಟ್ಟು, “ಅವ್ವನ್ನ ಬಿಟ್ಟುಬಿಡಪ್ಪಾ” ಅಂದೆ.

ಆ ಸಂಜೆ ಅವ್ವ ಖಾಲಾಳ ಬಾಗಿಲಲ್ಲಿ ನಿಂತು, “ಉಂಡೀಯೇನ ಅಕ್ಕಾ?” ಅಂದಾಗ ನಾನು ಅವಳ ಸೆರಗಿನ ಹಿಂದೆ ಅಡಗಿ ನಿಂತಿದ್ದೆ. ಖಾಲಾ ನನ್ನನ್ನೇ ನೋಡಿದಳು. “ಉಂಡೀನಿ ಸಾರವ್ವ. ಪಮ್ಮಿ ತಂದಿದ್ಳು.”

ಯಾಕೆ ಹಾಗೆ ಅಂದಳೋ ತಿಳಿಯಲಿಲ್ಲ. ತಿಳಿಯದ್ದರಿಂದ ಇನ್ನೂ ಅಂಜಿದೆ. ಎರಡನೇ ದಿನವೂ ರೊಟ್ಟಿ ಚರ್ಚಿಗೇ ಹೋಯಿತು, ಮೂರನೇ ದಿನವೂ. ಮೂರು ಸಂಜೆಯೂ ಖಾಲಾ ಉಂಡೀನಿ ಅಂದಳು. ಮೂರನೆಯ ಸಂಜೆ ಆ ಮಾತು ಹೇಳಲು ಅವಳು ಗೋಡೆ ಹಿಡಿದು ಏಳಬೇಕಾಯಿತು.

ಭಾನುವಾರ ಅವ್ವ ಬರಿಗೈಯಲ್ಲಿ ಚರ್ಚಿಗೆ ಬಂದಳು. ಹಾಡು ನಡೆದಿತ್ತು. ಚರ್ಚು ನೋಡಿಕೊಳ್ಳುವ ಯೇಸಪ್ಪ ಕಾಕಾ ನೆಲದಲ್ಲಿ ಇರುವೆಯ ಸಾಲು ಕಂಡು ಮೇಜಿನ ಬಟ್ಟೆ ಎತ್ತಿದ. ಹಸಿರು ಅಂಚಿನ ಮೂರು ಗಂಟು.

“ಯಾರ ಬೇ ಇವನ್ನ ಇಲ್ಲಿ ಇಟ್ಟವರು? ನಾವೇನು ನೈವೇದ್ಯ ಹಿಡಿಯೋ ಮಂದಿಯೇನು?”

ಯಾರೋ ಕಿಸಕ್ಕೆಂದರು. ಅವ್ವ ಗಂಟು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಎದ್ದು ಮೂರೂ ಗಂಟು ಕಂಕುಳಿಗೆ ಹಾಕಿಕೊಂಡು ನನ್ನ ರಟ್ಟೆ ಹಿಡಿದಳು.

“ಸಾರವ್ವ, ಆರಾಧನಾ ನಡದದ. ಎದ್ದು ಎಲ್ಲಿಗಿ ಹೊಂಟಿ?”

“ಆರಾಧನಿಗೇ ಹೊಂಟೇನ್ರಿ ಕಾಕಾ.”

ಖಾಲಾ ಚಾಪೆಯ ಮೇಲೆ ಒಣಗಿದ ತಪ್ಪಲಿನಂತೆ ಬಿದ್ದಿದ್ದಳು. ಅವ್ವ ಅವಳ ಪಕ್ಕಕ್ಕೆ ಕುಕ್ಕರಿಸಿ ಕೇಳಿದಳು, “ಮೂರು ದಿನ ಯಾಕ ಸುಳ್ಳು ಹೇಳಿದಿ ಅಕ್ಕಾ?”

“ಕೂಸು ಗಂಟು ತಗೊಂಡು ಚರ್ಚಿಗಿ ಓಡೋದು ಕಂಡೆ. ಅಲ್ಲಾಗ ಕೊಟ್ಟದ್ದನ್ನ ಕಸ್ಕೊಂಡು ತಿನ್ನಲೇನ?” ಖಾಲಾ ನಕ್ಕಳು, ನಗು ಕೆಮ್ಮಾಯಿತು. ಕೆಮ್ಮು ನನ್ನ ಕಡೆ ಬಾರದಂತೆ ಮುಖವನ್ನು ಗೋಡೆಗೆ ಹೊರಳಿಸಿದಳು. “ನೀ ಹೊಡೀತಿ ಅಂತ ಹೇಳ್ಲಿಲ್ಲ. ಹೊಡೀಬ್ಯಾಡ. ಅಂಜ್ಯಾಳ, ಪಾಪ.”

ಅವ್ವ ಹೊಡೆಯಲಿಲ್ಲ. ರೊಟ್ಟಿಯ ಇರುವೆ ಜಾಡಿಸಿ ನನ್ನ ಮುಂದಿಟ್ಟು, “ಮುರಿ” ಅಂದಳು. ಒಣಗಿ ಖಡಕ್ಕಾದ ರೊಟ್ಟಿಯನ್ನು ನಾನು ಮುರಿದು, ಅವ್ವ ಮನೆಯಿಂದ ಕಾಸಿ ತಂದ ಬಿಸಿ ಬ್ಯಾಳಿ ಸಾರಿನಲ್ಲಿ ನೆನೆಸಿದೆ. “ಉಣಸು” ಅಂದಳು. ತುತ್ತು ಎತ್ತಿ ಬಾಯಿಗೆ ಒಯ್ದೆ. ನನ್ನ ಬೆರಳು ತನ್ನ ತುಟಿಗೆ ತಾಗಬಾರದೆಂದು ಖಾಲಾ ಬಾಯನ್ನು ಅಗಲ ತೆರೆಯುತ್ತಿದ್ದಳು, ಗುಬ್ಬಿಮರಿಯಂತೆ. “ಖಡಕ್ ರೊಟ್ಟಿ ನನಗ ಭಾಳ ಸೇರ್ತದ ಬೇಟೀ,” ಅಂದಳು. ಅವತ್ತಿನಿಂದ ಗಡಿಗೆಯ ಹಿಟ್ಟು ದಿನಾ ಆ ಮನೆಗೇ ಹೋಯಿತು, ನನ್ನ ಕೈಯಿಂದಲೇ. ಅಂಜಿಕೆ ಹೋಗಲಿಲ್ಲ, ಅಂಜುತ್ತಲೇ ಉಣಿಸಿದೆ.

ಯುಗಾದಿಗೆ ಮೊದಲೇ ಖಾಲಾ ತೀರಿಕೊಂಡಳು.

ದೇವರು ಅವ್ವನನ್ನು ಕೊಲ್ಲಲಿಲ್ಲ. ಅವಳು ಮುಪ್ಪಾಗುವತನಕ ಬದುಕಿದಳು. ಕಡೆಗೆ ಖಾಲಾ ಹೊಲಿದ ಕೌದಿ ಹೊದ್ದುಕೊಂಡೇ ಹೋದಳು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಪುಕ್ಕಟೆ ಸಿಕ್ಕಿದ್ದಲ್ಲ. ಕಲಬುರಗಿಯಲ್ಲಿ ನರ್ಸಿಂಗ್ ಓದಿದೆ. ಓದಿದ್ದರಿಂದ ಹಳೆಯ ಅಂಜಿಕೆ ಹೋಗಿ ಹೊಸದೊಂದು ಬಂತು. ಹಸಿದ ಹೊಟ್ಟೆಗೆ ಟಿಬಿಯ ಗುಳಿಗೆ ನುಂಗಿದರೆ ವಾಂತಿಯಾಗುತ್ತದೆಂದು ಖಾಲಾ ಉಂಡ ಮೇಲೆಯೇ ನುಂಗುತ್ತಿದ್ದಳು. ಆ ಮೂರು ದಿನ ನುಂಗಿದಳೋ ಬಿಟ್ಟಳೋ? ಅವ್ವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳಲು ಇಬ್ಬರೂ ಇಲ್ಲ. ಮೂರು ದಿನಕ್ಕೇ ಏನೂ ಆಗುವುದಿಲ್ಲ ಅಂತ ನನ್ನ ಓದು ಹೇಳುತ್ತದೆ. ನಾಲ್ಕನೇ ಇಯತ್ತೆಯ ಪಮ್ಮಿ ನಂಬುವುದಿಲ್ಲ.

ನಾನು ಕೆಲಸ ಮಾಡುವ ದವಾಖಾನೆಯಲ್ಲಿ ಟಿಬಿಯವರ ಕೋಣೆ ಕಟ್ಟಕಡೆಗಿದೆ. ಮನೆಯಿಂದ ಯಾರೂ ಬಾರದವರಿಗೆ ಮುಂಜಾನೆ ಎರಡು ರೊಟ್ಟಿ ಹೆಚ್ಚಿಗೆ ಬಡಿದು ಒಯ್ಯುತ್ತೇನೆ. ಗುಳಿಗೆ ಕೊಡುವ ಮೊದಲು, “ಉಂಡ್ರೇನ್ರಿ?” ಅಂತ ಕೇಳುತ್ತೇನೆ. “ಉಂಡೀನ್ರಿ ಅಕ್ಕೋರ,” ಅನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ಆಮೇಲೆ ಬಗ್ಗಿ, ಮಂಚದ ಕೆಳಗಿನ ಅವರ ತಟ್ಟೆಯನ್ನು ಎಳೆದು ನೋಡುತ್ತೇನೆ.