ನೂರಾ ನಲವತ್ತೇಳನೆಯ ಎತ್ತು

...ಮೂರೂ ನಲವತ್ತಕ್ಕೆ, ಎಂದು ಬರೆದು ನಿಲ್ಲಿಸಿದ್ದೇನೆ. ಮೂರೂ ಮೂವತ್ತೆಂಟೂ ಇರಬಹುದು. ಫೋನು ಫ್ರಿಜ್ಜಿನ ಮೇಲಿತ್ತೋ, ನನ್ನ ಅಂಗಿಯ ಜೇಬಿನಲ್ಲಿತ್ತೋ — ಎರಡು ಚಿತ್ರಗಳೂ ನನ್ನಲ್ಲಿವೆ, ಎರಡೂ ಒಂದೇ ಸಮನೆ ಸ್ಪಷ್ಟವಾಗಿವೆ, ಹಾಗಾಗಿ ಎರಡನ್ನೂ ನಂಬುವುದಿಲ್ಲ. ಆದರೆ ಐದೂ ಇಪ್ಪತ್ತಲ್ಲ, ಮೆಹಬೂಬ. ನಿನ್ನ ಮೆಸೇಜು ಐದೂ ಇಪ್ಪತ್ತಕ್ಕೆ ಬಂತು ಎಂದು ನಾನು ಹೇಳಿದ್ದು ಸುಳ್ಳು. ಅದು ಆ ದಿನದ ಓಟ ಶುರುವಾಗುವ ಮೊದಲೇ ಬಂದಿತ್ತು. ನಾನು ಓದಿದ್ದೆ.

ಇದನ್ನು ನಿನಗೇ ಬರೆಯುತ್ತಿದ್ದೇನೆ. ಆದರೂ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗಿದೆ. ನಿನ್ನ ನೆನಪಿನ ಒಂದು ತುಂಡನ್ನು ಕೆಡಿಸಿದವನು ನಾನು. ನಿನಗೆ ಗೊತ್ತಿರುವುದನ್ನು ಗೊತ್ತಿದೆ ಎಂದುಕೊಂಡು ಹಾರಿಸಿ ಹೋಗುವ ಹಕ್ಕು ನನಗಿಲ್ಲ.

ದೆಹಲಿ ಪಕ್ಕದ ಇಂದಿರಾಪುರದ ಆ ಒಂಬತ್ತನೆಯ ಮಹಡಿಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಕೆಲಸ ನೋಯ್ಡಾದ ಒಂದೇ ಆಫೀಸಿನಲ್ಲಿ. ಅಲ್ಲಿ ಕನ್ನಡದವರು ನಾವು ನಾಲ್ಕು ಜನ, ಜುಲೈ ತಿಂಗಳ ಮೂರು ವಾರ ಫ್ರಾನ್ಸಿನ ಸೈಕಲ್ ಓಟದ ಹಿಂದೆ ಬೀಳುತ್ತಿದ್ದೆವು. ಆ ಹುಚ್ಚು ಹಚ್ಚಿದವನು ನೀನು. ಸುಮಾರು ಇನ್ನೂರು ಸವಾರರು, ಬೆನ್ನ ಮೇಲೆ ಒಬ್ಬೊಬ್ಬರಿಗೆ ಒಂದೊಂದು ನಂಬರು. ನಾವು ಒಬ್ಬೊಬ್ಬರೂ ಒಂಬತ್ತು ಸವಾರರನ್ನು ಆರಿಸಿಕೊಂಡು ನಮ್ಮದೇ ತಂಡ ಕಟ್ಟಬೇಕು. ಅವರು ನಿಜವಾದ ರಸ್ತೆಯಲ್ಲಿ ಗಳಿಸಿದ್ದು ನಮ್ಮ ಪಟ್ಟಿಯಲ್ಲಿ ಪಾಯಿಂಟು. ಪ್ರತಿದಿನ ಒಂಬತ್ತರಲ್ಲಿ ಒಬ್ಬನನ್ನು ಗುರುತು ಮಾಡಿದರೆ ಅವನ ಪಾಯಿಂಟು ದುಪ್ಪಟ್ಟು. ಅವನಿಗೆ 'ಎತ್ತು' ಎಂದು ಹೆಸರಿಟ್ಟದ್ದೂ ನೀನೇ. "ಇವತ್ತಿನ ಎತ್ತು ಯಾವುದಪಾ?" — ಲಿಫ್ಟಿನಲ್ಲಿ ನೀನು ಹೀಗೆ ಕೇಳಿದಾಗ ಪಕ್ಕದ ಫ್ಲ್ಯಾಟಿನ ಆಂಟಿ ನಮ್ಮನ್ನು ದನದ ವ್ಯಾಪಾರಿಗಳು ಅಂದುಕೊಂಡಿದ್ದರೂ ಆಶ್ಚರ್ಯವಿಲ್ಲ, ಅವರಿಗೆ ಕನ್ನಡ ಬಂದಿದ್ದರೆ.

ಪಟ್ಟಿ ಬರೆಯುವ ಕೆಲಸ ನನ್ನದು. ನಮ್ಮ ಗಡಿಯಾರದಲ್ಲಿ ನಾಲ್ಕು ಗಂಟೆಗೆ ಓಟದ ಬಾವುಟ ಬೀಳುತ್ತಿತ್ತು. ಅಷ್ಟರೊಳಗೆ ಎತ್ತು ಬದಲಾಯಿಸಬೇಕು, ಕಂಪ್ಯೂಟರ್ ಹತ್ತಿರ ಇಲ್ಲದವರು ನನ್ನ ಫೋನಿಗೆ ನಂಬರು ಕಳಿಸಬೇಕು. ಕಳಿಸದಿದ್ದರೆ ನಿನ್ನೆಯ ಎತ್ತೇ ಇವತ್ತಿಗೂ. ಆಫೀಸಿನಲ್ಲಿ ನಮ್ಮ ಜೊತೆ ಆಡುತ್ತಿದ್ದ ಮಂಡ್ಯದ ಶೈಲಜಾ ಒಮ್ಮೆ ಕೇಳಿದ್ದಳು, "ಪಟ್ಟಿ ಬರೆಯೋನೂ ಇವನೇ, ಆಡೋನೂ ಇವನೇ, ಇದೆಂಥ ನ್ಯಾಯ?" ನೀನು ಹೇಳಿದೆ, "ಏ, ರಾಘ್ಯಾ ಮೋಸಾ ಮಾಡಾಕ ಬೇಕಾದಷ್ಟು ಶಾಣ್ಯಾ ಇಲ್ಲ ಬಿಡು." ಎಲ್ಲರೂ ನಕ್ಕರು. ನಾನೂ.

ನಮಗೆಲ್ಲ ಅದು ಆಟ. ನಿನಗೆ — ನೀನು ಬಿಜಾಪುರದ ಕಡೆಯವನು, ಆ ಕೆಂಡದ ರಸ್ತೆಗಳಲ್ಲಿ ರಾಜ್ಯಮಟ್ಟದವರೆಗೆ ಸೈಕಲ್ ಓಡಿಸಿದವನು, ಹತ್ತೊಂಬತ್ತನೆಯ ವಯಸ್ಸಿಗೆ ಜಮಖಂಡಿ ರಸ್ತೆಯಲ್ಲಿ ಬಿದ್ದು ಮಂಡಿ ಕಳೆದುಕೊಂಡವನು. ಟಿವಿಯಲ್ಲಿ ನಾವು ಸವಾರರನ್ನು ನೋಡುತ್ತಿದ್ದರೆ ನೀನು ರಸ್ತೆಯ ಪಕ್ಕದ ಮರಗಳನ್ನು ನೋಡುತ್ತಿದ್ದೆ. "ಗಾಳಿ ಎಡಕಿನಿಂದ ಐತಿ, ಇನ್ನ ಹತ್ತ ನಿಮಿಷಕ್ಕ ಗುಂಪು ಹರೀತೈತಿ ನೋಡು." ಗಾಳಿಗೆ ಗುಂಪು ಹರಿದು ತುಂಡಾಗುತ್ತಿತ್ತು. ಬೆಳಿಗ್ಗೆ ಚಹಾ ಹಿಡಿದು ಬಾಲ್ಕನಿಗೆ ಹೋದರೆ ಎದುರು ಟವರಿನಲ್ಲಿ ಒಣಹಾಕಿದ ಬಟ್ಟೆಗಳನ್ನು ನೀನು ಎಷ್ಟೋ ಹೊತ್ತು ನೋಡುತ್ತಿದ್ದೆ. ಯಾರದೋ ಸೀರೆ ನೋಡುತ್ತಾನೆ ಎಂದುಕೊಂಡಿದ್ದೆ ಮೊದಮೊದಲು. ನೀನು ಗಾಳಿ ನೋಡುತ್ತಿದ್ದೆ.

ಆ ವರ್ಷ ನಿನಗೆ ಒಂದು ಕಾಗದ ಬಂದಿತ್ತು. ಊರಿನ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೈಕಲ್ ಮಕ್ಕಳಿಗೆ ಕಲಿಸಲು ಒಬ್ಬರು ಬೇಕು, ಬರುತ್ತೀಯಾ ಎಂದು. ತಿಂಗಳ ಕೊನೆಯೊಳಗೆ ಉತ್ತರ ಬರೆಯಬೇಕಿತ್ತು. ನೀನು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ — ಇಲ್ಲ, ಅಲಮಾರಿಯಲ್ಲಿ. ಎಲ್ಲಿಟ್ಟಿದ್ದೆಯೋ. ನೀನು ಹೇಳಿದ್ದು ಮಾತ್ರ ನನಗೆ ಪದಪದವಾಗಿ ನೆನಪಿದೆ: "ಕಾಲು ಹೋತು. ಕಣ್ಣು ಉಳದೈತೇನ ನೋಡ್ತೀನಿ. ಈ ಸಲದ ಓಟ ಮುಗೀಲಿ, ಓಟ ಓದಾಕ ನನಗ ಇನ್ನೂ ಬರ್ತೈತಿ ಅಂದ್ರ ಹೊಕ್ಕೀನಿ."

ನೀನು ನಗುತ್ತ ಹೇಳಿದ್ದೆ. ನಗು ಎಷ್ಟು, ನಿಜ ಎಷ್ಟು ಎಂದು ನನಗೆ ಗೊತ್ತಿತ್ತು.

ಅದು ಮೂರನೆಯ ವಾರದ ಶನಿವಾರ. ಪಟ್ಟಿಯಲ್ಲಿ ಮೊದಲ ಬಾರಿಗೆ ನಾನು ಮುಂದಿದ್ದೆ, ನೀನು ಸ್ವಲ್ಪವೇ ಹಿಂದೆ. ನಿನ್ನ ಹಳೆಯ ಸೈಕಲ್ಲಿಗೆ ಚಕ್ರ ಹುಡುಕಲು ನೀನು ಕರೋಲ್ ಬಾಗ್ ಪಕ್ಕದ ಝಂಡೇವಾಲಾನಿನ ಸೈಕಲ್ ಮಾರ್ಕೆಟ್ಟಿಗೆ ಹೋಗಿದ್ದೆ. ಮೆಟ್ರೋದಲ್ಲಿ ಹೋದೆ ಎಂದು ನೆನಪು. ಆ ವರ್ಷ ಮೆಟ್ರೋ ಅಲ್ಲಿಗೆ ಬಂದಿತ್ತೇ, ಈಗ ಅನುಮಾನ. ನಾನು ಮನೆಯಲ್ಲಿದ್ದೆ. ಒಮ್ಮೆ ನೆನೆದರೆ ಒಲೆಯ ಮೇಲೆ ಸಾರು ಕುದಿಯುತ್ತಿದೆ. ಇನ್ನೊಮ್ಮೆ ನೆನೆದರೆ ಕರೆಂಟು ಹೋಗಿ, ಜನರೇಟರ್ ಶುರುವಾಗುವುದನ್ನು ಕಾಯುತ್ತ ಬೆವರುತ್ತಿದ್ದೇನೆ. ಫೋನು ಸದ್ದು ಮಾಡಿತು. "ಎತ್ತು 147."

ನಕ್ಕೆ. ಹಿಂದಿನ ದಿನ ಬೆಟ್ಟದ ಮೇಲೆ ಇಪ್ಪತ್ತೆರಡು ನಿಮಿಷ ಹಿಂದೆ ಬಿದ್ದವನು ಅವನು. ಯಾರ ಬಾಯಲ್ಲೂ ಇಲ್ಲದ, ನಾಯಕನಿಗೆ ನೀರು ತಂದುಕೊಡುವ ಸವಾರ. ಪ್ರತಿ ವರ್ಷವೂ ನಿನ್ನ ಒಂಬತ್ತರಲ್ಲಿ ಅಂಥ ಒಬ್ಬನಿರುತ್ತಿದ್ದ. ಆದರೆ ನೀನು ಹಿಂದಿನ ಸಂಜೆಯೇ ಹೇಳಿದ್ದೆ: "ಅಂವ ಸೋತಿಲ್ಲಲೇ, ಕಾಲು ಉಳಿಸ್ಕೊಂಡಾನ. ಇಪ್ಪತ್ತೆರಡು ನಿಮಿಷ ಹಿಂದಿದ್ದವನ್ನ ಯಾರು ಬೆನ್ನ ಹತ್ತತಾರ?"

ಮೆಸೇಜು ಓದಿದೆ. ಪಟ್ಟಿಯಲ್ಲಿ ಬರೆಯಲಿಲ್ಲ.

ಇಲ್ಲಿ ನಾನು ನಂಬದ ಜಾಗ ಬರುತ್ತದೆ. ಸಾರು ಇಳಿಸಿ ಬರೆಯೋಣ ಎಂದುಕೊಂಡು ಮರೆತೆನೇ? ಕರೆಂಟು ಬಂದು ಕಂಪ್ಯೂಟರ್ ಏಳುವಷ್ಟರಲ್ಲಿ ನಾಲ್ಕು ದಾಟಿತ್ತೇ? ಅಥವಾ ಗಡಿಯಾರ ನೋಡುತ್ತ ಕುಳಿತಿದ್ದೆನೇ — ಸಾರನ್ನೂ ಕರೆಂಟನ್ನೂ ಆಮೇಲೆ ನಾನೇ ತಂದಿಟ್ಟೆನೇ?

ಸಂಜೆ ಏಳರ ಹೊತ್ತಿಗೆ ನೀನು ಚಕ್ರ ಹೊತ್ತುಕೊಂಡು ಬಂದೆ. ಟಿವಿಯಲ್ಲಿ ಐದು ಜನ ಗುಂಪಿನಿಂದ ಮುಂದೆ ತಪ್ಪಿಸಿಕೊಂಡು ಹೋಗುತ್ತಿದ್ದರು, ಅದರಲ್ಲಿ 147. ಯಾರೂ ಬೆನ್ನು ಹತ್ತಿರಲಿಲ್ಲ. ಚಪ್ಪಲಿ ಬಿಡದೆ ನೀನು ಸೋಫಾದಲ್ಲಿ ಕುಳಿತೆ, ಗ್ರೀಸು ಹತ್ತಿದ ಕೈಯನ್ನು ನನ್ನ ಹೆಗಲ ಮೇಲಿಟ್ಟೆ. ಕೊನೆಯ ಏರಿನಲ್ಲಿ ಅವನು ಒಬ್ಬನೇ ಆದ. ಗೆದ್ದ. ನೀನು ಕೂಗಲಿಲ್ಲ. ನನ್ನ ಹೆಗಲನ್ನು ಒಮ್ಮೆ ಒತ್ತಿ, "ಕಣ್ಣು ಐತಲೇ" ಅಂದೆ ಮೆಲ್ಲಗೆ. "ಪಟ್ಟಿ ತೆಗಿ, ನೋಡೂಣು."

ಆಗಲೇ ಹೇಳಬಹುದಿತ್ತು: ಬರೆಯಲಿಲ್ಲ ಕಣೋ, ತಪ್ಪಾಯಿತು. ನೀನು ಒಂದು ಬೈಗುಳ ಬೈದು, ಊಟಕ್ಕೆ ಕೂರುತ್ತಿದ್ದೆ. ಪಟ್ಟಿಯಲ್ಲಿ ಮುಂದಿರುವವನೇ ಹಿಂದಿರುವವನ ಎತ್ತನ್ನು ಮರೆತ — ಸೋಮವಾರ ಶೈಲಜಾ ಏನನ್ನುತ್ತಾಳೆ ಎಂಬುದು ನನ್ನ ತಲೆಗೆ ಬಂತು. ಬಾಯಿಂದ ಬಂದದ್ದು:

"ನಿನ್ನ ಮೆಸೇಜು ಐದೂ ಇಪ್ಪತ್ತಕ್ಕೆ ಬಂತು, ಮೆಹಬೂಬ. ಅಷ್ಟೊತ್ತಿಗೆ ಅವನು ತಪ್ಪಿಸಿಕೊಂಡು ಹೋಗಿಯಾಗಿತ್ತು."

ನೀನು ನನ್ನ ಹೆಗಲ ಮೇಲಿನ ಕೈ ತೆಗೆದೆ. "ನಾ ಅಂಗಡಿ ಮುಂದ ನಿಂತು ಕಳ್ಸಿದ್ನೆಲ್ಲ. ಆಮ್ಯಾಲ ಸೈಬರ್ ಕೆಫೆಗೆ ಹೋಗಿ ನೋಡಿದ್ರ ಅಂವ ಮುಂದ ಇದ್ದ."

ನಿನ್ನ ಫೋನು ಕಳಿಸಿದ ಮೆಸೇಜುಗಳನ್ನು ಉಳಿಸಿಕೊಳ್ಳುತ್ತಿರಲಿಲ್ಲ. ನನ್ನದರಲ್ಲಿದ್ದದ್ದನ್ನು ಬಚ್ಚಲಮನೆಗೆ ಹೋಗಿ ಅಳಿಸಿದೆ. ಇದರಲ್ಲಿ ಅನುಮಾನವಿಲ್ಲ. ಆ ಬಚ್ಚಲಿನ ಒಡೆದ ನೀಲಿ ಟೈಲು ಈಗಲೂ ಕಣ್ಣ ಮುಂದಿದೆ.

ಸೋಮವಾರ ಕ್ಯಾಂಟೀನಿನಲ್ಲಿ ಮಾತು ಎದ್ದಿತು. "ಎತ್ತು ಓಡಿಹೋದ್ಮೇಲೆ ಅದರ ಹೆಸರು ಹೇಳೋದು ನಮ್ಮಜ್ಜಿಗೂ ಬರುತ್ತೆ, ಮೆಹಬೂಬ್" ಎಂದು ಶೈಲಜಾ ಕಿಚಾಯಿಸಿದಳು. ನೀನು, "ನೆಟ್‌ವರ್ಕ್ ತಡಾ ಮಾಡಿರಬೇಕವಾ" ಅಂದೆ. ಅವಳು ತಕ್ಷಣ ಮೆತ್ತಗಾದಳು. "ಹಾಗಿದ್ರೆ ಪಾಯಿಂಟ್ ಕೊಡ್ಬೇಕು, ರಾಘು. ನೆಟ್‌ವರ್ಕ್ ತಪ್ಪಿಗೆ ಇವನೇನು ಮಾಡ್ತಾನೆ?"

ನನ್ನ ಮುಂದೆ ಬಾಗಿಲೊಂದು ತೆರೆದಿತ್ತು. ಸುಳ್ಳು ಸುಳ್ಳಾಗಿಯೇ ಉಳಿದು, ನಿನ್ನ ಕಣ್ಣು ನಿನಗೆ ಉಳಿಯುತ್ತಿತ್ತು. ನಾನು ಅಂದೆ: "ನೆಟ್‌ವರ್ಕ್ ಅಲ್ಲ. ಕಳಿಸಿದ ಹೊತ್ತೇ ಐದೂ ಇಪ್ಪತ್ತು ಅಂತ ತೋರಿಸ್ತಿತ್ತು."

ತೋರಿಸು ಎಂದು ನೀನು ಕೇಳಲಿಲ್ಲ. ತಟ್ಟೆಯ ರಾಜ್ಮಾವನ್ನು ಚಮಚದಿಂದ ಒಂದು ಕಡೆಗೆ ಸರಿಸಿದೆ. "ಹಂಗಾದ್ರ ನಾ ನೋಡಿದ ಮ್ಯಾಲೇ ಕಳ್ಸೇನಿ" ಅಂದೆ. "ಮೊದಲ ಕಳ್ಸೇನಿ ಅಂತ ನನಗ ನಾನ ಹೇಳ್ಕೊಂಡೇನಿ. ಮನಸ್ಸು ಹಂಗ ಮಾಡತೈತಿ ನೋಡು."

ಆ ವರ್ಷ ಆಟ ಗೆದ್ದವನು ನಾನು.

ತಿಂಗಳ ಕೊನೆಗೆ ನೀನು ಬಿಳಿ ಹಾಳೆ ತಂದು ನನ್ನ ಮುಂದಿಟ್ಟೆ. "ನಿನ್ನ ಅಕ್ಷರ ಚಲೋ ಅದಾವು, ನೀನ ಬರಿ." ಹಾಸ್ಟೆಲ್ಲಿಗೆ ಉತ್ತರ. ನೀನು ಹೇಳಿದೆ, ನಾನು ಬರೆದೆ: ಕರೆದದ್ದಕ್ಕೆ ವಂದನೆಗಳು, ಓಟ ನೋಡುವ ಕಣ್ಣು ನನಗೆ ಈಗ ಉಳಿದಿಲ್ಲ, ಮಕ್ಕಳಿಗೆ ತಪ್ಪು ಕಲಿಸಬಾರದು. 'ಉಳಿದಿಲ್ಲ' ಎನ್ನುವುದರ ಹಿಂದೆ ನಾನು 'ಅಷ್ಟಾಗಿ' ಎಂದು ಸೇರಿಸಿದೆ. ನನ್ನಿಂದ ಆದದ್ದು ಅಷ್ಟು. ನೀನು ಓದಿ ನೋಡಿ, ಆ ಪದವನ್ನು ಗೆರೆ ಎಳೆದು ಹೊಡೆದು ಹಾಕಿದೆ. "ಅಷ್ಟಾಗಿ ಅಂದ್ರ ಏನಲೇ? ಇದ್ರ ಐತಿ, ಇಲ್ಲಂದ್ರ ಇಲ್ಲ." ಆ ಹಾಳೆಯನ್ನೇ ಕಳಿಸಿದೆವು, ಗೆರೆಯ ಸಮೇತ. ಅಂಚೆ ಡಬ್ಬಿಗೆ ಹಾಕಿದವನೂ ನಾನೇ.

ಇಷ್ಟು ವರ್ಷಗಳ ಮೇಲೆ, ಹೋದ ಭಾನುವಾರ ನಿಮ್ಮ ಮನೆಗೆ ಬಂದಿದ್ದೆನಲ್ಲ. ಸೊಸೈಟಿಯ ಕಾಂಪೌಂಡಿನಲ್ಲಿ ನೀನು ಮಗಳಿಗೆ ಸೈಕಲ್ ಕಲಿಸುತ್ತಿದ್ದೆ. "ಪಾಪಾ, ಛೋಡ್‌ನಾ ಮತ್", ಕೈ ಬಿಡಬೇಡ ಎಂದು ಅವಳು, ನೀನು ಸೀಟು ಹಿಡಿದು ಕುಂಟುತ್ತ ಹಿಂದೆ. ಒಂದು ಸುತ್ತು ಮುಗಿದಾಗ ನೀನು ತಲೆಯೆತ್ತಿ ಮೇಲಿನ ಬಾಲ್ಕನಿಗಳ ಬಟ್ಟೆಗಳನ್ನು ನೋಡಿದೆ. "ಆ ಕಡೆಯಿಂದ ಹೋಗು" ಎನ್ನಲು ನೀನು ಬಾಯಿ ತೆರೆದೆ ಅನ್ನಿಸಿತು ನನಗೆ. ಆಮೇಲೆ ನನ್ನ ಕಡೆ ತಿರುಗಿ, "ಯಾವ ಕಡೆ ಸಲೀಸ ಆಗ್ತೈತಿ ಅಂತೀ, ರಾಘು?" ಎಂದು ಕೇಳಿದೆ. ನನ್ನನ್ನು. ಗಾಳಿಯ ವಿಷಯ ನೀನು ನನ್ನನ್ನು ಕೇಳಿದೆ.

ಮನೆಗೆ ಬಂದು ಇದನ್ನು ಬರೆಯಲು ಕುಳಿತೆ. ಅಂಚೆಗೆ ಹಾಕುವುದಿಲ್ಲ, ಬರುವ ಭಾನುವಾರ ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವವರೆಗೂ ಅಲ್ಲೇ ನಿಂತಿರುತ್ತೇನೆ.

ನೀನು ಮೊದಲೇ ಕಳಿಸಿದ್ದೆ, ಮೆಹಬೂಬ. ಏನನ್ನೂ ನೋಡುವ ಮೊದಲು, ಅಂಗಡಿಯ ಮುಂದೆ ನಿಂತು, ನೀನು ಹೇಳಿದ ಹಾಗೆಯೇ. ನಿನ್ನ ನೆನಪು ಸರಿಯಾಗಿತ್ತು.

ನನ್ನದರ ಬಗ್ಗೆ ಹೇಳಲಾರೆ. ಆ ಮಧ್ಯಾಹ್ನ ಮೂರೂ ನಲವತ್ತರಿಂದ ನಾಲ್ಕರವರೆಗೆ ನಾನು ಏನು ಮಾಡುತ್ತಿದ್ದೆ, ಮರೆತೆನೋ, ಕಾಯುತ್ತ ಕುಳಿತಿದ್ದೆನೋ — ನನಗೆ ಗೊತ್ತಿಲ್ಲ.